ಬರ್ಲಿನ್ ಸುತ್ತಲಿನ ಪಾಳು ನೆಲೆಗಳು: ಒಂದೇ ದಿನ ಸಿಕ್ಕರೆ ಯಾವುದಕ್ಕೆ ಹೋಗಬೇಕು?

ಹಳೆಯ ಪೂರ್ವ ಜರ್ಮನಿಯ ಪಾಳುಬಿದ್ದ ಬ್ಯಾರಕ್ಕು, ಬಂಕರು, ಕಾರ್ಖಾನೆಗಳನ್ನು ನೋಡಬೇಕು ಅನ್ನುವವರ ಕೈಲಿ ಸಾಮಾನ್ಯವಾಗಿ ಇರುವುದು ಒಂದು ಶನಿವಾರ ಮತ್ತು ಒಂದು ರೈಲು ಪಾಸು. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳು ಮಾತ್ರ ಉದ್ದಕ್ಕಿವೆ. ಅವುಗಳಲ್ಲಿರುವ ಎಷ್ಟೋ ಜಾಗಗಳು ಈಗ ನೆಲಸಮವಾಗಿವೆ, ಕೆಲವು ಬಡಾವಣೆಯಾಗಿವೆ. ಪೋಟ್ಸ್‌ಡಾಮ್ ಪಕ್ಕದ ಕ್ರಾಂಪ್ನಿಟ್ಸ್ ಬ್ಯಾರಕ್ಕುಗಳ ಫೋಟೋ ನೋಡಿ ಹೋದವರಿಗೆ ಇವತ್ತು ಸಿಗುವುದು ಮನೆ ಕಟ್ಟುವ ಕೆಲಸ. ಇನ್ನು ಟೊಯ್ಫೆಲ್ಸ್‌ಬರ್ಗ್ ಗುಡ್ಡದ ಮೇಲಿನ ಬಿಳಿ ಗುಮ್ಮಟಗಳು ಇಂಥ ಪ್ರತಿ ಪಟ್ಟಿಯಲ್ಲೂ ಇರುತ್ತವೆ. ಅದು ಪೂರ್ವದ ನೆಲೆಯೇ ಅಲ್ಲ, ಪಶ್ಚಿಮ ಬರ್ಲಿನ್‌ನಲ್ಲಿ ಕೂತು ಅಮೆರಿಕ ಮತ್ತು ಬ್ರಿಟನ್ ಪೂರ್ವದ ಮಾತು ಕದ್ದು ಕೇಳುತ್ತಿದ್ದ ಠಾಣೆ.

ಇಷ್ಟೊಂದು ಪಾಳು ಯಾಕೆ ಅಂದರೆ ಕಾರಣ ಎರಡು. ಜರ್ಮನಿ ಒಂದಾದಾಗ ಪೂರ್ವದಲ್ಲಿ ಸುಮಾರು 3.4 ಲಕ್ಷ ಸೋವಿಯತ್ ಸೈನಿಕರಿದ್ದರು. ಅವರ ಮನೆಮಂದಿ ಬೇರೆ. 1994ರ ಆಗಸ್ಟ್ 31ಕ್ಕೆ ಬರ್ಲಿನ್‌ನಲ್ಲಿ ಬೀಳ್ಕೊಡುಗೆ ಆಯಿತು, ಅಷ್ಟು ಕಟ್ಟಡಗಳು ಕೆಲವೇ ವರ್ಷಗಳಲ್ಲಿ ಖಾಲಿಯಾದವು. ಅದೇ ಹೊತ್ತಿಗೆ ಕಂದು ಕಲ್ಲಿದ್ದಲನ್ನೇ ನೆಚ್ಚಿಕೊಂಡಿದ್ದ ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕಿದವು. 1980ರ ದಶಕದಲ್ಲಿ ಪೂರ್ವ ಜರ್ಮನಿ ವರ್ಷಕ್ಕೆ 30 ಕೋಟಿ ಟನ್ ದಾಟಿ ಈ ಕಲ್ಲಿದ್ದಲು ತೆಗೆಯುತ್ತಿತ್ತು. ಹಾಗಾಗಿ ನಿಮ್ಮ ಮುಂದಿರುವ ಮೊದಲ ಆಯ್ಕೆ ಸರಳ: ಸೈನ್ಯವೋ, ಯಂತ್ರವೋ?

ವ್ಯೂನ್ಸ್‌ಡೋರ್ಫ್: ಸೈನ್ಯದ ಕಡೆ ಮೊದಲ ಆಯ್ಕೆ

ಬರ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಡ್ರೆಸ್ಡನ್ ಕಡೆಯ ಹಳಿಯಲ್ಲಿ ಪ್ರಾದೇಶಿಕ ರೈಲು ಹಿಡಿದು ವ್ಯೂನ್ಸ್‌ಡೋರ್ಫ್-ವಾಲ್ಡ್‌ಶ್ಟಾಟ್ ನಿಲ್ದಾಣದಲ್ಲಿ ಇಳಿದರೆ ಉಳಿದದ್ದೆಲ್ಲ ಕಾಲ್ನಡಿಗೆ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಪ್ರಾದೇಶಿಕ ರೈಲುಗಳಿಗೆಲ್ಲ ನಡೆಯುವ ತಿಂಗಳ ಪಾಸು, ಇದ್ದರೆ ಬೇರೆ ಖರ್ಚಿಲ್ಲ.

ಇಲ್ಲಿನ ವಿಶೇಷ, ಒಂದರ ಮೇಲೊಂದು ಕೂತ ಪದರಗಳು. 1930ರ ದಶಕದ ಕೊನೆಯಲ್ಲಿ ಹಿಟ್ಲರನ ಭೂಸೇನೆಯ ಹೈಕಮಾಂಡ್‌ಗೆ ಇಲ್ಲಿ 'ಮೈಬಾಖ್' ಬಂಕರ್‌ಗಳನ್ನು ಕಟ್ಟಿದರು. ಮೇಲಿನಿಂದ ನೋಡಿದರೆ ಹಳ್ಳಿ ಮನೆಗಳ ಹಾಗೆ ಕಾಣಬೇಕೆಂದು ಇಳಿಜಾರು ಮಾಡು, ಕಿಟಕಿ, ಚಿಮಣಿ ಇಟ್ಟಿದ್ದರು. ಒಳಗೆ ಮಾತ್ರ ದಪ್ಪ ಕಾಂಕ್ರೀಟು. ಪಕ್ಕದಲ್ಲೇ ನೆಲದಡಿಗೆ 'ತ್ಸೆಪ್ಪೆಲಿನ್' ಎಂಬ ದೂರವಾಣಿ ಕೇಂದ್ರ. ಯುದ್ಧ ಮುಗಿದ ಮೇಲೆ ಮೈಬಾಖ್ ಬಂಕರ್‌ಗಳನ್ನು ಸೋವಿಯತ್ ಸೇನೆ ಸಿಡಿಸಿತು. ಸಿಡಿದರೂ ಪೂರ್ತಿ ಉರುಳಲಿಲ್ಲ. ಬಿರಿದು ವಾಲಿದ ಆ ಗೋಡೆಗಳ ನಡುವೆಯೇ ಈಗ ಮಾರ್ಗದರ್ಶಕರು ಕರೆದೊಯ್ಯುತ್ತಾರೆ. ತ್ಸೆಪ್ಪೆಲಿನ್ ಅನ್ನು ಮಾತ್ರ ಸೋವಿಯತ್ತರು ತಾವೇ ಬಳಸಿಕೊಂಡರು, ಹಾಗಾಗಿ ಅದರ ಉಕ್ಕಿನ ಬಾಗಿಲುಗಳ ಮೇಲೆ ರಷ್ಯನ್ ಬರಹವಿದೆ.

1950ರ ದಶಕದಿಂದ 1994ರವರೆಗೆ ಇದು ಜರ್ಮನಿಯಲ್ಲಿದ್ದ ಇಡೀ ಸೋವಿಯತ್ ಸೇನೆಯ ಮುಖ್ಯ ಕಚೇರಿ. ಒಳಗೆ ಶಾಲೆ, ಅಂಗಡಿ, ಈಜುಕೊಳ, ರಂಗಮಂದಿರ, ಮಾಸ್ಕೋಗೆ ನೇರ ರೈಲು, ಎಲ್ಲ ಇತ್ತು. ಊರಿನ ಮೂಲಕ ಹೋಗುವ 96ನೇ ಹೆದ್ದಾರಿಯನ್ನು ಸ್ಥಳೀಯ ಜರ್ಮನರಿಗೇ ಮುಚ್ಚಿದ್ದರು. ಇವತ್ತು ಅಧಿಕಾರಿಗಳ ಭವನದ ಮುಂದೆ ಲೆನಿನ್ ಪ್ರತಿಮೆ ನಿಂತೇ ಇದೆ. ಭವನದೊಳಗೆ ಬೇಕಾದಾಗ ಹೋಗಲು ಬಿಡುವುದಿಲ್ಲ. ಮುಂಗಡ ಬುಕ್ ಮಾಡುವ ಫೋಟೋ ಪ್ರವಾಸಗಳಲ್ಲಷ್ಟೆ ಪ್ರವೇಶ. ಬಂಕರ್ ಪ್ರವಾಸಗಳು ಬೇರೆ, ಅವಕ್ಕೆ ಟಿಕೆಟ್ ಸಿಗುವುದು 'ಪುಸ್ತಕಗಳ ಊರು' ಎಂದು 1998ರಿಂದ ಹೆಸರಾದ ಹಳೆ ಪುಸ್ತಕದಂಗಡಿಗಳ ಆವರಣದಲ್ಲಿ. ಇವೆರಡನ್ನೂ ಒಂದೇ ಎಂದುಕೊಂಡು ಬಂದವರು ಲೆನಿನ್ ಮುಂದೆ ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ಯಾವ ದಿನ ಯಾವುದು ತೆರೆದಿದೆ ಎಂದು ಮೊದಲೇ ನೋಡಿಕೊಳ್ಳಿ.

ಭಾರತದಿಂದ ಬಂದವರು ಇನ್ನೊಂದೆರಡು ಗಂಟೆ ಉಳಿಸಿಕೊಳ್ಳುವುದು ಒಳ್ಳೆಯದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಪರವಾಗಿ ಕಾದಾಡಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳನ್ನು, ಹಿಂದೂ, ಸಿಖ್, ಮುಸ್ಲಿಂ ಎಲ್ಲರನ್ನೂ, ಇದೇ ವ್ಯೂನ್ಸ್‌ಡೋರ್ಫ್‌ನ 'ಅರ್ಧಚಂದ್ರ ಶಿಬಿರ'ದಲ್ಲಿ ಇಟ್ಟಿದ್ದರು. ಚೆನ್ನಾಗಿ ನೋಡಿಕೊಂಡು ಬ್ರಿಟಿಷರ ವಿರುದ್ಧ ತಿರುಗಿಸುವುದು ಜರ್ಮನರ ಲೆಕ್ಕಾಚಾರ. 1915ರಲ್ಲಿ ಶಿಬಿರದೊಳಗೆ ಕಟ್ಟಿದ ಮರದ ಮಸೀದಿ ಜರ್ಮನಿಯಲ್ಲೇ ಮೊದಲನೆಯದು. ಅದು ಈಗಿಲ್ಲ, ರಸ್ತೆಯ ಹೆಸರಲ್ಲಿ ಮಾತ್ರ ಉಳಿದಿದೆ: ಮೊಶೇ-ಶ್ಟ್ರಾಸೆ. ಆ ಸಿಪಾಯಿಗಳ ದನಿಯನ್ನು ಭಾಷಾತಜ್ಞರು ಅರಗಿನ ತಟ್ಟೆಗಳಲ್ಲಿ ಹಿಡಿದಿಟ್ಟರು. ಆ ತಟ್ಟೆಗಳು ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿವೆ. ಮನೆಗೆ ಮರಳದವರ ಸಮಾಧಿಗಳು ಹತ್ತಿರದ ಕಾಡಿನೊಳಗೆ, ತ್ಸೇರನ್ಸ್‌ಡೋರ್ಫ್ ಭಾರತೀಯ ಸ್ಮಶಾನದಲ್ಲಿ. 206 ಸಮಾಧಿಗಳು, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ನಿಗಾದಲ್ಲಿವೆ. ಸುತ್ತಲಿನ ಕಾಡು ದಶಕಗಳ ಕಾಲ ಸೈನ್ಯದ ತಾಲೀಮು ಮೈದಾನವಾಗಿತ್ತು. ಅಲ್ಲಿಗೆ ಹೋಗುವಾಗ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ, ಕಾರಣ ಮುಂದೆ ಬರುತ್ತದೆ.

ಬೇಲಿಟ್ಸ್: ಮಕ್ಕಳಿದ್ದರೆ, ವಯಸ್ಸಾದವರಿದ್ದರೆ

ಬೇಲಿಟ್ಸ್-ಹೈಲ್‌ಶ್ಟೆಟನ್ ಅನ್ನು ಕ್ಷಯರೋಗಿಗಳ ಆಸ್ಪತ್ರೆಯಾಗಿ 1898ರಲ್ಲಿ ಕಟ್ಟಲು ಶುರುಮಾಡಿದರು. ಸುಮಾರು 200 ಹೆಕ್ಟೇರ್, 60 ಕಟ್ಟಡ. ರೈಲು ಹಳಿಯ ಉತ್ತರಕ್ಕೆ ಶ್ವಾಸಕೋಶದ ರೋಗಿಗಳು, ದಕ್ಷಿಣಕ್ಕೆ ಅಂಟು ರೋಗವಿಲ್ಲದವರು. ರಸ್ತೆಯ ಒಂದು ಮಗ್ಗುಲಿಗೆ ಹೆಂಗಸರು, ಇನ್ನೊಂದಕ್ಕೆ ಗಂಡಸರು. ಈ ನಾಲ್ಕು ಭಾಗದ ನಕ್ಷೆ ತಲೆಯಲ್ಲಿದ್ದರೆ ಜಾಗ ಬೇಗ ಅರ್ಥವಾಗುತ್ತದೆ. 1916ರಲ್ಲಿ ತೊಡೆಗೆ ಗಾಯವಾದ ಹಿಟ್ಲರ್ ಇಲ್ಲಿ ಮಲಗಿದ್ದ. 1945ರಿಂದ ಇದು ಸೋವಿಯತ್ ಸೇನಾ ಆಸ್ಪತ್ರೆ. ಅಧಿಕಾರ ಕಳೆದುಕೊಂಡ ಪೂರ್ವ ಜರ್ಮನಿಯ ನಾಯಕ ಎರಿಕ್ ಹೋನೆಕರ್ 1991ರಲ್ಲಿ ಮಾಸ್ಕೋಗೆ ಹಾರುವ ಮುಂಚೆ ಆಶ್ರಯ ಪಡೆದಿದ್ದು ಇಲ್ಲೇ.

2015ರಲ್ಲಿ ಇಲ್ಲಿ ಮರದ ತುದಿಗಳ ಎತ್ತರದಲ್ಲಿ, ಸುಮಾರು 23 ಮೀಟರ್ ಮೇಲೆ, 320 ಮೀಟರ್ ಉದ್ದದ ನಡಿಗೆ ಸೇತುವೆ ಹಾಕಿದರು. ಅದು 1945ರಲ್ಲಿ ಹಾಳಾದ 'ಆಲ್ಪೆನ್‌ಹೌಸ್' ಕಟ್ಟಡದ ಮೇಲಿಂದ ಹಾದುಹೋಗುತ್ತದೆ. ಆ ಕಟ್ಟಡದ ಚಾವಣಿಯ ಮೇಲೆ ಪೈನ್, ಬರ್ಚ್ ಮರಗಳು ತಾವಾಗಿ ಬೆಳೆದು ಕಾಡಾಗಿವೆ. ಬೇರುಗಳು ಇಟ್ಟಿಗೆಯ ಸಂದು ಹಿಡಿದು ಇಳಿದಿರುವುದನ್ನು ಮೇಲಿಂದ ಇಷ್ಟು ಹತ್ತಿರ ನೋಡುವ ಅವಕಾಶ ಬೇರೆಲ್ಲೂ ಇಲ್ಲ. ಲಿಫ್ಟ್ ಇದೆ, ತಳ್ಳುಗಾಡಿ ಹೋಗುತ್ತದೆ. ಆರ್‌ಇ7 ರೈಲು ಹತ್ತಿರವೇ ನಿಲ್ಲುತ್ತದೆ.

ಕೊರತೆಯೂ ಇದೆ. ಆವರಣದ ದೊಡ್ಡ ಭಾಗ ಈಗ ರಿಪೇರಿಯಾಗಿ ಮನೆಗಳಾಗಿದೆ. ಉಳಿದ ಪಾಳು ಕಟ್ಟಡಗಳ ಒಳಗೆ ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶ, ಬೇಸಿಗೆ ಭಾನುವಾರ ಜನ ಜಾತ್ರೆಯಷ್ಟು. ಪಾಳುಬಿದ್ದ ಜಾಗದ ನಿಶ್ಶಬ್ದ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ಶಸ್ತ್ರಚಿಕಿತ್ಸೆ ಕಟ್ಟಡದ ಪ್ರವಾಸ ಮಾತ್ರ ಟಿಕೆಟ್ ದುಡ್ಡಿಗೆ ಮೋಸವಿಲ್ಲ.

ಬೇಲಿ ದಾಟಬೇಕಾದ ಜಾಗಗಳು: ಯಾಕೆ ಬೇಡ

ಫೋಗೆಲ್‌ಸಾಂಗ್ ಹೆಸರು ಎಲ್ಲ ಕಡೆ ಬರುತ್ತದೆ. ಬರ್ಲಿನ್‌ನ ಉತ್ತರಕ್ಕೆ, ತ್ಸೇಡನಿಕ್ ಬಳಿಯ ಕಾಡಿನಲ್ಲಿ 1950ರ ದಶಕದ ಆರಂಭದಲ್ಲಿ ಕಟ್ಟಿದ ಸೋವಿಯತ್ ಸೈನಿಕ ಪಟ್ಟಣ ಅದು. 1959ರಲ್ಲಿ ಕೆಲವು ತಿಂಗಳು ಇಲ್ಲಿ ಆರ್-5ಎಂ ಅಣ್ವಸ್ತ್ರ ಕ್ಷಿಪಣಿಗಳಿದ್ದವು. ಸೋವಿಯತ್ ನೆಲದ ಹೊರಗೆ ಅಂಥವನ್ನು ಇಟ್ಟದ್ದು ಅದೇ ಮೊದಲು. ಕ್ಯೂಬಾ ಬಿಕ್ಕಟ್ಟಿಗೂ ಮೂರು ವರ್ಷ ಹಿಂದಿನ ಮಾತು. ಆದರೆ ಕಟ್ಟಡಗಳನ್ನು ಹಂತಹಂತವಾಗಿ ಕೆಡವಿ ಕಾಡಿಗೆ ಬಿಟ್ಟುಕೊಡುತ್ತಿದ್ದಾರೆ. ಹತ್ತು ವರ್ಷ ಹಿಂದಿನ ಫೋಟೋದಲ್ಲಿರುವ ಸಭಾಂಗಣ ಹುಡುಕಿಕೊಂಡು ಹೋದರೆ ಮರಳು ದಿಬ್ಬ ಸಿಕ್ಕೀತು. ಅದಕ್ಕಾಗಿ ಒಂದು ದಿನ ಕಳೆಯುವುದು ನಷ್ಟದ ವ್ಯವಹಾರ.

ಇನ್ನೊಂದು, ಬರ್ಲಿನ್‌ನ ಪೂರ್ವ ಅಂಚಿನ ರ್ಯೂಡರ್ಸ್‌ಡೋರ್ಫ್ ರಾಸಾಯನಿಕ ಕಾರ್ಖಾನೆ. ಮೊದಲು ಸಿಮೆಂಟು, ಆಮೇಲೆ ಜಾನುವಾರು ಮೇವಿಗೆ ಬೆರೆಸುವ ಫಾಸ್ಫೇಟ್ ಮಾಡುತ್ತಿದ್ದ ಜಾಗ. ಖಾಸಗಿ ಸ್ವತ್ತು, ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೆ ಕೊಡುತ್ತಾರೆ. ಒಳಗೆ ಹಲವು ಮಹಡಿ ಆಳದ ತೆರೆದ ಗುಂಡಿಗಳಿವೆ, ಕಂಬಿಗಳಿಲ್ಲ. ಇದರ ಬದಲು ಅದೇ ಊರಿನ ಸುಣ್ಣಕಲ್ಲಿನ ಮ್ಯೂಸಿಯಂ ಪಾರ್ಕಿಗೆ ಹೋಗಿ. ಫ್ರೀಡ್ರಿಶ್ಸ್‌ಹಾಗನ್‌ವರೆಗೆ ಎಸ್3 ನಗರ ರೈಲು, ಅಲ್ಲಿಂದ 88ನೇ ಟ್ರಾಮ್. ಸಾಲಾಗಿ ನಿಂತ 18 ಸುಣ್ಣದ ಗೂಡುಗಳ ಕೆಳಗಿನ ಕಮಾನುಗಳಲ್ಲಿ ನಡೆಯಬಹುದು. ಅಪರಾಹ್ನದ ಬೆಳಕಿದ್ದರೆ ಪಕ್ಕದ ಪಾಳು ಕಾರ್ಖಾನೆಗಿಂತ ಒಳ್ಳೆಯ ಫೋಟೋ ಸಿಗುವುದು ಇಲ್ಲೇ.

ಕಾನೂನಿನ ಮಾತು ಒಂದಿಷ್ಟು. ಬೇಲಿ ಹಾಕಿದ ಸ್ವತ್ತಿಗೆ ಅನುಮತಿಯಿಲ್ಲದೆ ನುಗ್ಗುವುದು ಜರ್ಮನ್ ದಂಡಸಂಹಿತೆಯ 123ನೇ ಕಲಮಿನ ಪ್ರಕಾರ ಅಪರಾಧ: ದಂಡ, ಇಲ್ಲವೆ ಒಂದು ವರ್ಷದವರೆಗೆ ಜೈಲು. ಮಾಲೀಕ ದೂರು ಕೊಟ್ಟರೆ ಮಾತ್ರ ಕೇಸು ನಡೆಯುತ್ತದೆ, ನಿಜ. 'ಹಾಗಾದರೆ ಏನೂ ಆಗಲ್ಲ ಬಿಡಿ' ಎಂಬ ಸಲಹೆ ಬರುವುದು ಇದರಿಂದಲೇ. ಅದು ಜರ್ಮನ್ ಪಾಸ್‌ಪೋರ್ಟ್ ಇರುವವರ ಸಲಹೆ. ವಿದ್ಯಾರ್ಥಿ ಪರವಾನಗಿಯಲ್ಲೋ ಬ್ಲೂ ಕಾರ್ಡ್ ಎಂಬ ಉದ್ಯೋಗ ಪರವಾನಗಿಯಲ್ಲೋ ಇರುವವರ ಮೇಲೆ ಕ್ರಿಮಿನಲ್ ಪ್ರಕರಣ ಶುರುವಾದರೆ ಅದರ ಸುದ್ದಿ ವಿದೇಶಿಯರ ಕಚೇರಿಗೂ ಹೋಗುತ್ತದೆ. ನಿವಾಸ ಕಾನೂನಿನ 87ನೇ ಕಲಮು ಹಾಗೆ ಹೇಳುತ್ತದೆ. ಪರವಾನಗಿ ನವೀಕರಿಸುವ ಹೊತ್ತಲ್ಲಿ ಒಂದು ಫೋಟೋಗಾಗಿ ವಕೀಲರನ್ನು ಹುಡುಕುವ ಪಾಡು ಬೇಡ. ಒಳಗಿಂದ ಒಂದು ಬ್ಯಾಡ್ಜು, ಒಂದು ಫಲಕ ಎತ್ತಿಕೊಂಡರೆ ಅದು ಕಳ್ಳತನ, ಬೇರೆಯೇ ಕೇಸು.

ಯಂತ್ರದ ಕಡೆ: ಎಫ್60

ಲೌಸಿಟ್ಸ್ ಸೀಮೆಯ ಲಿಷ್ಟರ್‌ಫೆಲ್ಡ್‌ನಲ್ಲಿ ನಿಂತಿರುವ ಎಫ್60 ಎಂಬ ಗಣಿ ಸೇತುವೆಯನ್ನು ನೋಡದೆ ಪೂರ್ವ ಜರ್ಮನಿಯ ಉದ್ಯಮದ ಅಳತೆ ತಲೆಗೆ ಹತ್ತುವುದಿಲ್ಲ. 502 ಮೀಟರ್ ಉದ್ದ, ಸುಮಾರು 11,000 ಟನ್ ತೂಕ. ತೆರೆದ ಗಣಿಯಲ್ಲಿ ಕಲ್ಲಿದ್ದಲ ಮೇಲಿನ ಮಣ್ಣನ್ನು ಬಕೆಟ್ ಯಂತ್ರಗಳು ಅಗೆಯುತ್ತವೆ. ಆ ಮಣ್ಣನ್ನು ಬೆಲ್ಟಿನ ಮೇಲೆ ಹೊತ್ತು, ಇಡೀ ಹೊಂಡವನ್ನು ದಾಟಿಸಿ, ಕಲ್ಲಿದ್ದಲು ತೆಗೆದಾದ ಆಚೆ ಬದಿಗೆ ಸುರಿಯುವುದು ಈ ಸೇತುವೆಯ ಕೆಲಸ. ಹೆಸರಿನ 60 ಅಂದರೆ ಅಗೆಯಬಲ್ಲ ಮಣ್ಣಿನ ಪದರ 60 ಮೀಟರ್. ಇಡೀ ಯಂತ್ರ ಹಳಿಗಳ ಮೇಲೆ ಸರಿಯುತ್ತಿತ್ತು. 1989ರಲ್ಲಿ ಜೋಡಿಸಲು ಶುರು, 1991ರಲ್ಲಿ ಚಾಲೂ, 1992ರ ಬೇಸಿಗೆಗೆ ಬಂದ್. ದುಡಿದದ್ದು ಹದಿಮೂರೇ ತಿಂಗಳು. ಹೊಸ ಯಂತ್ರ ಕೆಟ್ಟಿದ್ದರಿಂದಲ್ಲ, ಕಲ್ಲಿದ್ದಲು ಕೊಳ್ಳುವ ಅರ್ಥವ್ಯವಸ್ಥೆಯೇ ಹೋದದ್ದರಿಂದ. ಇಂಥವು ಒಟ್ಟು ಐದು ತಯಾರಾದವು. ಈ ಒಂದನ್ನಷ್ಟೇ 2002ರಿಂದ ಜನರಿಗೆ ತೆರೆದಿದ್ದಾರೆ.

ಮಾರ್ಗದರ್ಶಕರ ಜೊತೆ ಹೆಲ್ಮೆಟ್ ಹಾಕಿಕೊಂಡು 74 ಮೀಟರ್ ಎತ್ತರದವರೆಗೆ ಹತ್ತಬಹುದು. ಕಾಲಡಿಗೆ ಜಾಲರಿಯ ಕಬ್ಬಿಣದ ಹಾಸು, ಪಾದದ ಕೆಳಗೆ ನೇರ ನೆಲ ಕಾಣುತ್ತದೆ. ಎತ್ತರದ ಭಯ ಇರುವವರು ಮೊದಲ ಮಟ್ಟದಲ್ಲೇ ನಿರ್ಧರಿಸಿ. ಅರ್ಧದಾರಿಯಲ್ಲಿ ನಿಂತರೆ ಇಡೀ ಗುಂಪು ನಿಲ್ಲುತ್ತದೆ. ಹೈಹೀಲ್ಸ್, ಸಡಿಲ ಚಪ್ಪಲಿ ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಜೋರು ಗಾಳಿ, ಗುಡುಗು ಬಂದರೆ ಮೇಲೆ ಬಿಡುವುದಿಲ್ಲ, ಹಾಗಾಗಿ ಹೊರಡುವ ಬೆಳಿಗ್ಗೆ ಫೋನ್ ಮಾಡಿ.

ತೊಂದರೆ ಇರುವುದು ದಾರಿಯಲ್ಲಿ. ಡೋಬರ್‌ಲುಗ್-ಕಿರ್ಶ್‌ಹೈನ್‌ನಲ್ಲಿ ರೈಲು ಬದಲಿಸಿ ಫಿನ್ಸ್‌ಟರ್‌ವಾಲ್ಡೆ, ಅಲ್ಲಿಂದ ಸುಮಾರು 10 ಕಿ.ಮೀ. ವಾರಾಂತ್ಯದಲ್ಲಿ ಬಸ್ಸನ್ನು ನಂಬಬೇಡಿ, ರೈಲಿಗೆ ಸೈಕಲ್ ಏರಿಸಿಕೊಂಡು ಹೋಗಿ. ನಾಲ್ಕು ಜನರಿದ್ದರೆ ಕಾರು ಬಾಡಿಗೆಗೆ ಹಿಡಿಯುವುದೇ ಲೇಸು. ಕಾರಿದ್ದರೆ ಅದೇ ದಿನ ಇನ್ನೂ ಎರಡು ಸೇರಿಸಬಹುದು. ಡೋಮ್ಸ್‌ಡೋರ್ಫ್‌ನ 'ಲೂಯಿಸೆ' 1882ರ ಕಲ್ಲಿದ್ದಲು ಇಟ್ಟಿಗೆ ಕಾರ್ಖಾನೆ. ಲೌಖ್‌ಹಾಮರ್‌ನಲ್ಲಿ 22 ಮೀಟರ್ ಎತ್ತರದ 24 ಗೋಪುರಗಳಿವೆ. ಕೋಕ್ ಕಾರ್ಖಾನೆಯ ಫಿನಾಲ್ ತುಂಬಿದ ಕೊಳೆನೀರನ್ನು ಅವುಗಳೊಳಗಿನ ಕಿಟ್ಟದ ಕಲ್ಲುಗಳ ಮೇಲೆ ಹನಿಸಿ, ಬ್ಯಾಕ್ಟೀರಿಯಾದಿಂದ ಶುದ್ಧ ಮಾಡಿಸುತ್ತಿದ್ದರು. ಕಾರ್ಖಾನೆಯನ್ನು ಕೆಡವಿದರು, ಕೊಳೆ ತೊಳೆಯುವ ಗೋಪುರಗಳು ಮಾತ್ರ ಕೋಟೆಯ ಹಾಗೆ ಉಳಿದವು.

ಫೆರೋಪೊಲಿಸ್‌ನಲ್ಲೂ ಐದು ಗಣಿಯಂತ್ರಗಳಿವೆ, ಕೆರೆಯ ದಡದಲ್ಲಿ ಅರ್ಧವೃತ್ತವಾಗಿ ನಿಲ್ಲಿಸಿದ್ದಾರೆ. ಚೆಂದ ಕಾಣುತ್ತದೆ. ಆದರೆ ಅದು ಈಗ ಸಂಗೀತೋತ್ಸವದ ಮೈದಾನ, ಉತ್ಸವದ ದಿನಗಳಲ್ಲಿ ನೋಡುಗರಿಗೆ ಬಾಗಿಲು ಮುಚ್ಚಿರುತ್ತದೆ. ಎಫ್60ಗೆ ಹೋಗಲು ಆಗದಿದ್ದರೆ ಮಾತ್ರ ಇದು. ಬಾಲ್ಟಿಕ್ ದಡದಲ್ಲಿರುವ, ಹಿಟ್ಲರನ ಕಾಲದ ರಾಕೆಟ್ ಕೇಂದ್ರ ಪೇನೆಮ್ಯುಂಡೆ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ, ಎರಡು ರಾತ್ರಿ ಇಟ್ಟುಕೊಳ್ಳಿ. ಅಲ್ಲಿ ಕಡಲ ದಡದಲ್ಲಿ ಹೊಳೆಯುವ ಹಳದಿ ಹರಳು ಸಿಕ್ಕರೆ ಜೇಬಿಗೆ ಹಾಕಬೇಡಿ. ಅಂಬರ್ ಎಂದುಕೊಂಡದ್ದು ಯುದ್ಧಕಾಲದ ಬಿಳಿ ರಂಜಕವಾಗಿರಬಹುದು, ಒಣಗಿದೊಡನೆ ತಾನೇ ಹೊತ್ತಿಕೊಳ್ಳುತ್ತದೆ.

ಎಲ್ಲಿ ಎಡವುತ್ತಾರೆ

ಸೈನ್ಯದ ನೆಲೆ ಮತ್ತು ಗಣಿ ಸೀಮೆಗಳ ಅಪಾಯಗಳು ಬೇರೆ ಬೇರೆ. ಬರ್ಲಿನ್ ಸುತ್ತಲಿನ ಬ್ರಾಂಡನ್‌ಬುರ್ಗ್ ರಾಜ್ಯದ ಕಾಡಿನಲ್ಲಿ ಸಿಡಿಯದ ಮದ್ದುಗುಂಡು ಇನ್ನೂ ಇದೆ. 2018ರಲ್ಲಿ ಟ್ರೊಯೆನ್‌ಬ್ರೀಟ್ಸನ್ ಬಳಿ ಕಾಡಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಒಳಗೆ ನುಗ್ಗಲಾಗದೆ ದೂರ ನಿಂತದ್ದು ಇದೇ ಕಾರಣಕ್ಕೆ. ತುಕ್ಕು ಹಿಡಿದ ಶೆಲ್ಲು ಮಣ್ಣಲ್ಲಿ ಬೇರಿನ ಹಾಗೆ, ಹಳೇ ಪೈಪಿನ ಹಾಗೆ ಕಾಣುತ್ತದೆ. ಕಂಡರೆ ಮುಟ್ಟಬೇಡಿ, ಒದೆಯಬೇಡಿ. ಬಂದ ಹೆಜ್ಜೆಯ ಮೇಲೇ ಹಿಂದಿರುಗಿ ಪೊಲೀಸರ 110ಕ್ಕೆ ಕರೆ ಮಾಡಿ.

ಗಣಿ ಸೀಮೆಯಲ್ಲಿ ಅಪಾಯ ನೆಲವೇ. ಗಣಿಯ ಹೊಂಡಕ್ಕೆ ಸುರಿದ ಮರಳು ಸಡಿಲ. ಪಂಪು ನಿಲ್ಲಿಸಿದ ಮೇಲೆ ಅಂತರ್ಜಲ ಏರಿ ಮರಳಿನ ಕಣಗಳ ನಡುವೆ ತುಂಬುತ್ತದೆ, ಆಮೇಲೆ ಒಂದು ಸಣ್ಣ ಅದುರಿಗೆ ಇಡೀ ದಡ ಅಂಬಲಿಯಂತೆ ಹರಿಯುತ್ತದೆ. 2009ರ ಜುಲೈನಲ್ಲಿ ನಾಖ್ಟರ್‌ಶ್ಟೆಟ್‌ನ ಗಣಿಕೆರೆಯ ದಡ ಕುಸಿದು ಮನೆಗಳ ಸಮೇತ ಮೂವರನ್ನು ನುಂಗಿತು. ಕೆರೆ ನೀಲಿಯಾಗಿ ಕರೆಯುತ್ತಿದ್ದರೂ ತಡೆ ಫಲಕದ ಆಚೆ ಕಾಲಿಡಬೇಡಿ.

ಕಟ್ಟಡಗಳಲ್ಲಿ ಜನ ಬೀಳುವುದು ಹೆಚ್ಚಾಗಿ ಮೂರು ಕಡೆ: ಕಳ್ಳರು ಗುಜರಿಗೆ ಹೊತ್ತೊಯ್ದ ಮ್ಯಾನ್‌ಹೋಲ್ ಮುಚ್ಚಳದ ಜಾಗ, ಬಾಗಿಲಿಲ್ಲದ ಲಿಫ್ಟ್ ಗುಂಡಿ, ಮೇಲೆ ಗಟ್ಟಿಯಾಗಿ ಕಂಡು ಕೆಳಗೆ ಕೊಳೆತ ಮರದ ಅಂತಸ್ತು. ಅನುಮತಿಯಿರುವ ಪ್ರವಾಸದಲ್ಲೂ ಮಾರ್ಗದರ್ಶಕರು ನಡೆದ ಗೆರೆಯಲ್ಲೇ ನಡೆಯಿರಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಇಡಬೇಡಿ. ಮುರಿದ ಸಿಮೆಂಟ್ ಶೀಟು ಬಿದ್ದಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ ಎಂದೇ ತಿಳಿಯಿರಿ. ಬಟ್ಟೆ ಮಾಸ್ಕು ಪ್ರಯೋಜನವಿಲ್ಲ, ಎಫ್‌ಎಫ್‌ಪಿ3 ದರ್ಜೆಯ ಮಾಸ್ಕೇ ಬೇಕು. ತಲೆಗೆ ಕಟ್ಟುವ ಟಾರ್ಚು, ಇನ್ನೊಂದು ಜೊತೆಗೆ. ದಪ್ಪ ಅಟ್ಟೆಯ ಬೂಟು. ಬೇಸಿಗೆಯಲ್ಲೂ ಬಂಕರಿಗೆ ಒಂದು ಸ್ವೆಟರು, ಒಳಗೆ ಸದಾ 10 ಡಿಗ್ರಿ ಆಸುಪಾಸು.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲಿನಲ್ಲಿ ಉಣುಗು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಇಲ್ಲಿ ಉಣುಗು ಹರಡುವ ಮಿದುಳು ಜ್ವರದ ವೈರಸ್ಸು ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ಬ್ರಾಂಡನ್‌ಬುರ್ಗ್‌ನ ದಕ್ಷಿಣ ಜಿಲ್ಲೆಗಳು ಅಪಾಯದ ಪಟ್ಟಿಯಲ್ಲಿವೆ. ಮೂರು ಡೋಸಿನ ಲಸಿಕೆ ಇದೆ, ಮನೆ ಡಾಕ್ಟರನ್ನು ಕೇಳಿ. ಲೈಮ್ ಕಾಯಿಲೆಗೆ ಮಾತ್ರ ಲಸಿಕೆ ಇಲ್ಲ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ರಾತ್ರಿ ಸ್ನಾನಕ್ಕೆ ಮುಂಚೆ ಮಂಡಿ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ.

ಚಳಿಗಾಲದಲ್ಲಿ ಎಲೆ ಉದುರಿ ಕಟ್ಟಡಗಳು ಚೆನ್ನಾಗಿ ಕಾಣುತ್ತವೆ, ಆದರೆ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಬಾವಲಿಗಳು ಮಲಗುವ ಗುಹೆ, ಸುರಂಗ, ನೆಲಮಾಳಿಗೆಗಳಿಗೆ ಹೋಗುವುದನ್ನು ಪ್ರಕೃತಿ ಸಂರಕ್ಷಣಾ ಕಾನೂನು ನಿಷೇಧಿಸಿದೆ. ಪ್ರವಾಸಿಗರಿಗೆಂದೇ ತೆರೆದ ಬಂಕರುಗಳಿಗೆ ಇದು ಅನ್ವಯಿಸುವುದಿಲ್ಲ. ಬೆಳಕು, ಹವೆ, ಉಣುಗು ಎಲ್ಲ ಲೆಕ್ಕ ಹಾಕಿದರೆ ಮಾರ್ಚ್ ಕೊನೆಯ ವಾರ ಎಲ್ಲಕ್ಕಿಂತ ಒಳ್ಳೆಯದು.

ಗೋಡೆಯ ಮೇಲೆ ಓದುವುದು

ಬ್ಯಾರಕ್ಕಿನೊಳಗೆ ಹೋಗುವ ಪ್ರವಾಸ ಸಿಕ್ಕರೆ ಸುಲಿದ ವಾಲ್‌ಪೇಪರಿನ ಹಿಂದೆ ನೋಡಿ. ಸೋವಿಯತ್ ಸಂಸಾರಗಳು ವಾಲ್‌ಪೇಪರ್ ಅಂಟಿಸುವ ಮೊದಲು ಗೋಡೆಗೆ ಹಳೆಯ ಪತ್ರಿಕೆ ಹಚ್ಚುತ್ತಿದ್ದರು, 'ಪ್ರಾವ್ದಾ' ಹೆಚ್ಚಾಗಿ ಸಿಗುತ್ತದೆ. ಪುಟದ ತುದಿಯಲ್ಲಿರುವ ತಾರೀಖು ಓದಿದರೆ ಆ ಕೋಣೆಗೆ ಯಾವಾಗ ಸುಣ್ಣಬಣ್ಣವಾಯಿತು ಎಂದು ಅಂದಾಜು ಮಾಡಬಹುದು. ಕೀಳಬೇಡಿ, ಅಲ್ಲೇ ಓದಿ. ರಷ್ಯನ್ ಅಕ್ಷರ ಒಂದೆರಡು ಗಂಟೆಯಲ್ಲಿ ಕೈವಶವಾಗುತ್ತದೆ. 'ಸ್ತಲೋವಾಯಾ' ಅಂದರೆ ಊಟದ ಮನೆ. ತಲೆಬುರುಡೆಯ ಜೊತೆ 'ನೆ ವ್ಲೆಜಾಯ್, ಉಬ್ಯೋತ್' ಎಂದಿದ್ದರೆ 'ಹತ್ತಬೇಡ, ಕೊಲ್ಲುತ್ತದೆ' ಎಂದರ್ಥ, ವಿದ್ಯುತ್ತಿನ ಎಚ್ಚರಿಕೆ. ಆ ತಂತಿ ಎಂದೋ ಗುಜರಿಗೆ ಹೋಗಿದೆ. ಜರ್ಮನ್ ಫಲಕಗಳ ಮಾತು ಬೇರೆ. 'ಬೆಟ್ರೇಟನ್ ಫರ್ಬೋಟನ್' ಅಂದರೆ ಪ್ರವೇಶವಿಲ್ಲ, 'ಐನ್‌ಶ್ಟುರ್ಟ್ಸ್‌ಗೆಫಾರ್' ಅಂದರೆ ಕುಸಿಯುವ ಅಪಾಯ, 'ಲೇಬನ್ಸ್‌ಗೆಫಾರ್' ಅಂದರೆ ಪ್ರಾಣಾಪಾಯ. ಇವುಗಳ ಬಣ್ಣ ಹೊಸದಾಗಿ ಕಂಡರೆ ಮಾಲೀಕ ಇತ್ತೀಚೆಗಷ್ಟೇ ಬಂದು ಹೋಗಿದ್ದಾನೆ ಎಂದರ್ಥ.